ತತ್ತ್ವಪದದ ಧಾಟಿ ಮತ್ತು ರಾಕ್ ಸಂಗೀತ: 'ಜಗ್ ಚಂಗಾ' ಧ್ವನಿಮುದ್ರಿಕೆಯ ಶರೀಫ ಪದಗಳು

ಜಾನಪದ ಅಧ್ಯಯನದಲ್ಲಿ ಧ್ವನಿಮುದ್ರಿಕೆಗೆ ಎರಡು ಬಗೆಯ ಸ್ಥಾನವಿದೆ. ಕ್ಷೇತ್ರದಲ್ಲಿ ವಕ್ತೃವಿನ ಎದುರು ಕುಳಿತು ಮಾಡಿಕೊಂಡ ಮುದ್ರಣ ಆಕರವೆನಿಸಿಕೊಳ್ಳುತ್ತದೆ. ಸ್ಟುಡಿಯೋದಲ್ಲಿ ಮಾರಾಟಕ್ಕೆಂದೇ ಸಿದ್ಧವಾದ ಮುದ್ರಣ ಆಕರಗಳ ಪಟ್ಟಿಯಿಂದ ಹೊರಗೇ ಉಳಿಯುತ್ತದೆ. ಅಮೆರಿಕದ ಜಾನಪದ ವಿದ್ವಾಂಸ ರಿಚರ್ಡ್ ಡಾರ್ಸನ್ 1950ರಲ್ಲಿ 'ಫೇಕ್‌ಲೋರ್' ಎಂಬ ಪದವನ್ನು ಚಲಾವಣೆಗೆ ತಂದಂದಿನಿಂದ ಹುಸಿ ಜಾನಪದದ ಭಯ ನಮ್ಮ ಶಿಸ್ತಿನ ಬೆನ್ನು ಬಿಟ್ಟಿಲ್ಲ. ಜರ್ಮನಿಯ ಹನ್ಸ್ ಮೋಸರ್ 1962ರಲ್ಲಿ ಇನ್ನೊಂದು ದಾರಿ ತೋರಿಸಿದರು. ಜಾನಪದ ತನ್ನ ಮೂಲ ಸಂದರ್ಭವನ್ನು ಬಿಟ್ಟು ಎರಡನೆಯ ಕೈಗೆ ಬಂದಾಗ ಏನಾಗುತ್ತದೆ ಎಂಬುದೇ ಅಧ್ಯಯನಕ್ಕೆ ಯೋಗ್ಯವಾದ ಪ್ರಶ್ನೆ ಎಂಬುದು ಅವರ ನಿಲುವು. ಪ್ರಸ್ತುತ ಲೇಖನ ಈ ಎರಡನೆಯ ದಾರಿಯಲ್ಲಿ ನಡೆಯುತ್ತದೆ. ರಘು ದೀಕ್ಷಿತ್ ಮತ್ತು ಅವರ 'ದಿ ರಘು ದೀಕ್ಷಿತ್ ಪ್ರಾಜೆಕ್ಟ್' ತಂಡದ ಎರಡನೆಯ ಆಲ್ಬಂ 'ಜಗ್ ಚಂಗಾ' (2013) ಇಲ್ಲಿನ ವಿಷಯ. ಅದರಲ್ಲಿಯೂ ಮುಖ್ಯವಾಗಿ ಅದರೊಳಗಿನ ಎರಡು ಶಿಶುನಾಳ ಶರೀಫರ ಪದಗಳು.

ಮೊದಲನೆಯದನ್ನು ಬಿಟ್ಟು ಎರಡನೆಯ ಆಲ್ಬಮ್ಮನ್ನೇ ಆರಿಸಿಕೊಳ್ಳಲು ಕಾರಣವಿದೆ. 2008ರಲ್ಲಿ ಬಂದ ಮೊದಲ ಆಲ್ಬಂನಲ್ಲಿ 'ಗುಡುಗುಡಿಯ ಸೇದಿ ನೋಡೋ' ಮತ್ತು 'ಸೋರುತಿಹುದು ಮನಿಯ ಮಾಳಿಗಿ' ಇದ್ದವು. ಹಿಂದಿ ಗೀತೆಗಳ ನಡುವೆ, ಡ್ರಮ್ಮು ಗಿಟಾರುಗಳ ನಡುವೆ, ಹತ್ತೊಂಬತ್ತನೆಯ ಶತಮಾನದ ಧಾರವಾಡ ಸೀಮೆಯ ಅನುಭಾವಿಯೊಬ್ಬನ ಮಾತು ಕೇಳಿಬಂದದ್ದೇ ಅಂದು ಬೆರಗಾಗಿತ್ತು. ಬೆರಗು ಒಮ್ಮೆ ಮಾತ್ರ ಕೆಲಸ ಮಾಡುತ್ತದೆ. ಮುಂದಿನ ಐದು ವರ್ಷಗಳಲ್ಲಿ ಈ ತಂಡ ಬ್ರಿಟನ್ನಿನ ಬಿ.ಬಿ.ಸಿ.ಯ 'ಲೇಟರ್ ವಿತ್ ಜೂಲ್ಸ್ ಹಾಲೆಂಡ್' ಕಾರ್ಯಕ್ರಮದಲ್ಲಿ (2010) ಹಾಡಿತು, ಗ್ಲಾಸ್ಟನ್‌ಬರಿ ಉತ್ಸವದ ವೇದಿಕೆ ಏರಿತು (2011), 'ಸಾಂಗ್‌ಲೈನ್ಸ್' ಪತ್ರಿಕೆಯ ಹೊಸಬರ ಪ್ರಶಸ್ತಿಯನ್ನೂ ಪಡೆಯಿತು. ಬಣ್ಣದ ಲುಂಗಿ, ಕಾಲಿಗೆ ಗೆಜ್ಜೆ, ಕನ್ನಡ ಬಾರದ ಸಾವಿರಾರು ಜನರ ಬಾಯಲ್ಲಿ ಕನ್ನಡದ ಪಲ್ಲವಿ. ಇಷ್ಟೆಲ್ಲ ಆದಮೇಲೆ ಮತ್ತೆ ಶರೀಫರನ್ನು ಕೈಗೆತ್ತಿಕೊಂಡಾಗ ಹಾಡುಗಾರನಿಗೆ ಪದದಿಂದ ಏನು ಬೇಕಾಗಿದೆ ಎಂಬುದು ನಿಚ್ಚಳವಾಗುತ್ತದೆ. ಎರಡನೆಯ ಆಲ್ಬಂ ಯಾವ ತಂಡಕ್ಕಾದರೂ ಪರೀಕ್ಷೆಯೇ.

ಈ ಮಾತಿಗೆ ಹೊರಗಿನ ಒಂದು ನಿದರ್ಶನವನ್ನು ತರಬಹುದು. ಹಾಲೆಂಡಿನ ಹಳೆಯ ಸಿಂಫೋನಿಕ್ ಪ್ರೊಗ್ರೆಸಿವ್ ರಾಕ್ ತಂಡವಾದ 'ಕಾಯಕ್' 1981ರಲ್ಲಿ 'ಮರ್ಲಿನ್' ಎಂಬ ಆಲ್ಬಂ ತಂದಿತು. ಆರ್ಥರ್ ರಾಜನ ಐತಿಹ್ಯದಲ್ಲಿ ಬರುವ ಮಂತ್ರವಾದಿಯ ಕಥೆ ಅದರ ಒಂದು ಮಗ್ಗುಲನ್ನಷ್ಟೇ ತುಂಬಿತ್ತು. ಎರಡು ದಶಕಗಳ ನಂತರ, 2003ರಲ್ಲಿ, ಅದೇ ತಂಡ ಅದೇ ಕಥೆಗೆ ಮರಳಿ 'ಮರ್ಲಿನ್: ಬಾರ್ಡ್ ಆಫ್ ದಿ ಅನ್‌ಸೀನ್' ಎಂಬ ಪೂರ್ಣ ಪ್ರಮಾಣದ ಆಲ್ಬಂ ಮಾಡಿತು. ಅದೇ ನಾಡಿನ 'ಫೋಕಸ್' ತಂಡ 1974ರ 'ಹ್ಯಾಂಬರ್ಗರ್ ಕಾನ್ಚೆರ್ಟೊ'ದಲ್ಲಿ ಬ್ರಾಹ್ಮ್ಸ್ ಬಳಸಿದ್ದ ವಸ್ತುವನ್ನು ಎತ್ತಿಕೊಂಡಿತ್ತು. ಇವರೆಲ್ಲರ ಎದುರಿಗೆ ಇದ್ದದ್ದು ಬರಹದ ಸಂಗೀತ, ಬರಹದ ಐತಿಹ್ಯ. ಮೂಲ ಎಲ್ಲಿದೆ ಎಂದು ಕೇಳಿದರೆ ಪುಸ್ತಕವನ್ನು ತೋರಿಸಬಹುದು. ಶರೀಫರ ಪದವನ್ನು ಹಾಡುವವನಿಗೆ ಆ ಅನುಕೂಲವಿಲ್ಲ. ಸಾಹಿತ್ಯ ಅಚ್ಚಾಗಿದೆ ನಿಜ; ಧಾಟಿ ಅಚ್ಚಾಗಿಲ್ಲ. ಬ್ರಿಟನ್ನಿನ 'ಫೇರ್‌ಪೋರ್ಟ್ ಕನ್ವೆನ್ಷನ್' 1969ರ 'ಲೀಜ್ ಅಂಡ್ ಲೀಫ್' ಆಲ್ಬಂನಲ್ಲಿ ಹಳೆಯ ಲಾವಣಿಗಳಿಗೆ ವಿದ್ಯುತ್ ಗಿಟಾರ್ ಜೋಡಿಸಿದಾಗ ಎದುರಿಸಿದ ಪ್ರಶ್ನೆ ನಮ್ಮದಕ್ಕೆ ಹೆಚ್ಚು ಹತ್ತಿರದ್ದು. ಆದರೆ ಅಲ್ಲಿಯೂ ಲಾವಣಿ ಹಾಡುವ ಪರಂಪರೆ ಬಹುಮಟ್ಟಿಗೆ ಗ್ರಂಥಾಲಯಕ್ಕೆ ಸರಿದಿತ್ತು. ನಮ್ಮಲ್ಲಿ ಅದು ಇನ್ನೂ ಜಗಲಿಯ ಮೇಲಿದೆ. ಹೀಗಾಗಿ ರಘು ದೀಕ್ಷಿತರ ಪ್ರಯೋಗವನ್ನು ಹೋಲಿಸಲು ಜೀವಂತ ಮೇಳಗಳು ಎದುರಿಗೇ ಇವೆ.

ಶರೀಫರು (1819–1889) ಇಂದಿನ ಹಾವೇರಿ ಜಿಲ್ಲೆಯ ಶಿಗ್ಗಾಂವಿ ತಾಲ್ಲೂಕಿನ ಶಿಶುನಾಳದವರು. ಕಳಸದ ಗೋವಿಂದಭಟ್ಟರ ಶಿಷ್ಯರು. ಅವರ ಪದಗಳು ಭಜನೆಯ ಮೇಳಗಳಲ್ಲಿ ಬಾಯಿಂದ ಬಾಯಿಗೆ ಹರಿದು ಬಂದವು. ಮೈಸೂರು ಸೀಮೆಯ ಮೇಳಗಳಿಗೆ ಅವು ವ್ಯಾಪಕವಾಗಿ ತಲುಪಿದ್ದು ಮಾತ್ರ ಮುಖ್ಯವಾಗಿ ಕ್ಯಾಸೆಟ್ಟಿನಿಂದ, ಅನಂತರ ಚಲನಚಿತ್ರದಿಂದ. ಈ ಸಂಗತಿಯನ್ನು ಮರೆತು ಮಾಡುವ ಚರ್ಚೆ ದಾರಿ ತಪ್ಪುತ್ತದೆ. ಸಿ. ಅಶ್ವಥ್ (1939–2009) ಶರೀಫರ ಪದಗಳಿಗೆ ರಾಗ ಸಂಯೋಜಿಸಿ ಹಾಡಿದರು. ಟಿ.ಎಸ್. ನಾಗಾಭರಣ ನಿರ್ದೇಶನದ 'ಸಂತ ಶಿಶುನಾಳ ಶರೀಫ' (1990) ಚಿತ್ರಕ್ಕೂ ಅವರದೇ ಸಂಗೀತ. 'ಕೋಡಗನ ಕೋಳಿ ನುಂಗಿತ್ತ' ಎಂದರೆ ಒಂದು ತಲೆಮಾರಿನ ಕಿವಿಗೆ ಶಿವಮೊಗ್ಗ ಸುಬ್ಬಣ್ಣನವರ ಕಂಠ. ಇದಕ್ಕೂ ಮೊದಲು ಪಿ. ಕಾಳಿಂಗರಾಯರು (1914–1981) ಜನಪದ ಗೀತೆಗಳನ್ನು ವಾದ್ಯವೃಂದದೊಡನೆ ಸಭಾಂಗಣಕ್ಕೆ ತಂದಿದ್ದರು. ಅಂದರೆ 'ಮೂಲ ಜಾನಪದವನ್ನು ರಾಕ್ ಸಂಗೀತ ಕೆಡಿಸಿತು' ಎಂಬ ಆಕ್ಷೇಪದಲ್ಲಿ 'ಮೂಲ' ಎಂದು ಹೆಸರಿಸುವ ವಸ್ತು ಬಹಳಷ್ಟು ಸಲ ಅಶ್ವಥ್ ಅವರ ಸುಗಮ ಸಂಗೀತವೇ ಆಗಿರುತ್ತದೆ. ಹಾರ್ಮೋನಿಯಂ, ತಬಲ, ಕೊಳಲುಗಳ ಆ ಮೇಳವನ್ನು ನಮ್ಮ ಕಿವಿ ಪರಂಪರೆಯೆಂದು ಒಪ್ಪಿಕೊಂಡುಬಿಟ್ಟಿದೆ. ಒಂದು ಸಂಯೋಜನೆ ಸಂಯೋಜಕನ ಕಣ್ಣೆದುರಿಗೇ ಪರಂಪರೆಯಾಗುವುದು ಸಾಮಾನ್ಯ ಸಾಧನೆಯಲ್ಲ. ಆದರೆ ಅದು ಸಂಯೋಜನೆ ಎಂಬ ಅರಿವು ಸಂಶೋಧಕನಿಗಾದರೂ ಇರಬೇಕು.

ರಘು ದೀಕ್ಷಿತರ ಮೊದಲ ಅಗ್ಗಳಿಕೆಯನ್ನು ಇಲ್ಲಿ ಗುರುತಿಸಬೇಕು. ಅವರು ಅಶ್ವಥ್ ಧಾಟಿಗೆ ಡ್ರಮ್ಮು ಸೇರಿಸುವ ಸುಲಭದ ಹಾದಿ ಹಿಡಿಯಲಿಲ್ಲ. ರಾಜ್ಯೋತ್ಸವದ ಆರ್ಕೆಸ್ಟ್ರಾಗಳು ಮಾಡುವುದು ಅದನ್ನೇ. ನವೆಂಬರ್ ತಿಂಗಳಲ್ಲಿ ಮಾಗಡಿ ರಸ್ತೆಯ ಉದ್ದಕ್ಕೂ ಹಾಕುವ ಪೆಂಡಾಲುಗಳಲ್ಲಿ ಕೀಬೋರ್ಡಿನ ತಾಳಪೆಟ್ಟಿಗೆಯ ಮೇಲೆ ಓಡುವ ಶರೀಫರನ್ನು ಯಾರು ಬೇಕಾದರೂ ಕೇಳಬಹುದು. ದೀಕ್ಷಿತರು ಸಾಹಿತ್ಯವನ್ನು ಮಾತ್ರ ಇಟ್ಟುಕೊಂಡು ಧಾಟಿಯನ್ನು ಹೊಸದಾಗಿ ಕಟ್ಟಿದರು. ಜಾನಪದದ ಪರಿಭಾಷೆಯಲ್ಲಿ ಹೇಳುವುದಾದರೆ ಇದು ಧಾಟಿಯ ಪಾಠಾಂತರ. ನಮ್ಮ ಸಂಪಾದಕರು ಸಾಹಿತ್ಯದ ಪಾಠಾಂತರಗಳನ್ನು ಅಡಿಟಿಪ್ಪಣಿಯಲ್ಲಿ ಕೊಡುವಾಗ ತೋರಿಸುವ ಶ್ರದ್ಧೆಯ ಅರ್ಧದಷ್ಟನ್ನೂ ಧಾಟಿಯ ವಿಷಯದಲ್ಲಿ ತೋರಿಸಿಲ್ಲವಾದ್ದರಿಂದ, ಈ ಬಗೆಯ ಬದಲಾವಣೆಯನ್ನು ಅಳೆಯುವ ಕೋಲೇ ನಮ್ಮಲ್ಲಿ ಸಿದ್ಧವಾಗಿಲ್ಲ. ಆಲ್ಬರ್ಟ್ ಲಾರ್ಡ್ 'ದಿ ಸಿಂಗರ್ ಆಫ್ ಟೇಲ್ಸ್' (1960) ಗ್ರಂಥದಲ್ಲಿ ಯುಗೊಸ್ಲಾವಿಯಾದ ಹಾಡುಗಾರರನ್ನು ಕುರಿತು ಹೇಳಿದ ಸಂಗತಿ ನೆನಪಿಗೆ ಬರುತ್ತದೆ: ಹಾಡಿದ ಪ್ರತಿ ಸಲವೂ ಹಾಡು ಹೊಸದೇ. ತತ್ತ್ವಪದದ ಸಾಹಿತ್ಯಕ್ಕೆ ಈ ಮಾತು ಪೂರ್ತಿ ಒಪ್ಪುವುದಿಲ್ಲ, ಏಕೆಂದರೆ ಅದಕ್ಕೆ ಅಂಕಿತದ ಬಂಧವಿದೆ. ಧಾಟಿಗೆ ಒಪ್ಪುತ್ತದೆ.

ಇನ್ನು ಪದಗಳಿಗೆ ಬರೋಣ. 'ಲೋಕದ ಕಾಳಜಿ' ಮೊದಲು.

ಈ ಪದದ ಜೀವ ಅದರ ಸಂಬೋಧನೆಯಲ್ಲಿದೆ. ಗುರುವಿನ ಗಂಭೀರ ಉಪದೇಶ ಇದರಲ್ಲಿಲ್ಲ. ಕಟ್ಟೆಯ ಮೇಲೆ ಕುಳಿತ ಗೆಣೆಕಾರನೊಬ್ಬ ಇನ್ನೊಬ್ಬನನ್ನು ಏಕವಚನದಲ್ಲಿ ಕೆಣಕುವ ದನಿ ಇದೆ. ಊರ ಉಸಾಬರಿಯನ್ನೆಲ್ಲ ತಲೆಗೆ ಕಟ್ಟಿಕೊಂಡವನನ್ನು 'ಮಾಡಪ್ಪ' ಎಂದು ಮೇಲ್ನೋಟಕ್ಕೆ ಹುರಿದುಂಬಿಸುತ್ತಲೇ, ಕೂಡಿಟ್ಟದ್ದೆಲ್ಲ ಬಿಟ್ಟುಹೋಗುವ ಗಂಟು ಎಂಬುದನ್ನು ಮೆಲ್ಲಗೆ ಮುಂದಿಡುವ ವಿಡಂಬನೆ ಅದು. ಉತ್ತರ ಕರ್ನಾಟಕದ ಆಡುನುಡಿಯ ಕೊಂಕು ಇಲ್ಲದೆ ಈ ಪದವಿಲ್ಲ. ಮೈಸೂರಿನಲ್ಲಿ ಬೆಳೆದ ಗಾಯಕ ಆ ನುಡಿಯನ್ನು ಶಿಷ್ಟಕ್ಕೆ ತಿದ್ದದೆ ಉಳಿಸಿಕೊಂಡಿರುವುದು ಸಣ್ಣ ಸಂಗತಿಯಲ್ಲ. ಮೊದಲ ಆಲ್ಬಂನಲ್ಲಿಯೂ 'ಮನಿಯ ಮಾಳಿಗಿ' 'ಮನೆಯ ಮಾಳಿಗೆ' ಆಗಲಿಲ್ಲ. ಗಿಟಾರಿನ ಚುರುಕು ಮೀಟಿನ ಮೇಲೆ, ಎದೆ ತೆರೆದ ಕಂಠದಲ್ಲಿ ಈ ಕೆಣಕು ಸಲೀಸಾಗಿ ಕೂರುತ್ತದೆ. ಇಲ್ಲಿ ವೇಗ ಅರ್ಥಕ್ಕೆ ಅಡ್ಡಿಯಾಗುವುದಿಲ್ಲ, ನೆರವಾಗುತ್ತದೆ. ಕೆಣಕುವವನು ನಿಧಾನವಾಗಿ ಕೆಣಕುವುದಿಲ್ಲವಷ್ಟೆ. ಇನ್ನೊಂದು ಸೂಕ್ಷ್ಮವೂ ಉಂಟು. ಒಬ್ಬ ಹೇಳಿ ಗುಂಪು ಮರುದನಿಗೊಡುವ ರಚನೆ ರಾಕ್ ಸಂಗೀತಕ್ಕೂ ಭಜನೆಗೂ ಸಮಾನವಾದದ್ದು. ಸಭಿಕರು ಪಲ್ಲವಿಯನ್ನು ಎತ್ತಿಕೊಂಡಾಗ, ಒಬ್ಬನಿಗೆ ಆಡಿದ ಏಕವಚನದ ಕೊಂಕು ಸಾವಿರ ಜನ ತಮಗೆ ತಾವೇ ಆಡಿಕೊಳ್ಳುವ ಕೊಂಕಾಗುತ್ತದೆ. ಭಜನೆಯ ಹಿಮ್ಮೇಳದಲ್ಲಿ ಆಗುವುದೂ ಇದೇ. ಈ ಒಂದು ಪದದ ಮಟ್ಟಿಗೆ ದೀಕ್ಷಿತರ ಧಾಟಿ ಪರಂಪರೆಯ ಒಳಗಿನ ತರ್ಕವನ್ನು ಕಂಡುಕೊಂಡಿದೆ ಎಂಬುದು ನನ್ನ ಅಭಿಪ್ರಾಯ.

ಅಭಿಪ್ರಾಯಕ್ಕೆ ಕ್ಷೇತ್ರದ ಒಂದು ಆಧಾರವನ್ನು ಕೊಡುತ್ತೇನೆ. ನಾನು ವಾಸಿಸುವ ಕಾಮಾಕ್ಷಿಪಾಳ್ಯ ಸಣ್ಣ ಕೈಗಾರಿಕೆಗಳ ಬಡಾವಣೆ. ಲೇತು, ಪ್ರೆಸ್ಸು, ಬಣ್ಣ ಹೊಡೆಯುವ ಶೆಡ್ಡುಗಳ ಹಿಂದಿನ ಓಣಿಗಳಲ್ಲಿ ಮಾಗಡಿ, ಕುಣಿಗಲ್, ತುಮಕೂರು ಕಡೆಯಿಂದ ಬಂದ ಕುಟುಂಬಗಳಿವೆ. ಸಾವಾದ ಮನೆಯ ಮುಂದೆ ರಾತ್ರಿಯಿಡೀ ಭಜನೆ ನಡೆಸುವ ಪದ್ಧತಿಯನ್ನು ಅವರು ನಗರಕ್ಕೂ ತಂದಿದ್ದಾರೆ. ಶಾಮಿಯಾನದ ಕೆಳಗೆ ಹಾರ್ಮೋನಿಯಂ, ತಬಲ, ನಾಲ್ಕು ಜೊತೆ ತಾಳ, ಅಪರೂಪಕ್ಕೊಮ್ಮೆ ಏಕತಾರಿ. ಕೈವಾರದ ನಾರೇಯಣ ಯತಿಗಳ ಪದ, ದಾಸರ ಪದ, ಶರೀಫರ ಪದ ಎಲ್ಲವೂ ಅಲ್ಲಿ ಒಂದೇ ಸಾಲಿನಲ್ಲಿ ಬರುತ್ತವೆ. ಅಂಥ ಒಂದು ರಾತ್ರಿ ಮೇಳದ ಹಿರಿಯರು 'ಸೋರುತಿಹುದು' ಪದವನ್ನು ಅಶ್ವಥ್ ಧಾಟಿಯಲ್ಲೇ ಹಾಡಿದರು. ಕೇಳಿದ್ದಕ್ಕೆ 'ಹಳೇ ಧಾಟಿ ಸಾರ್, ನಮ್ಮ ತಾತನ ಕಾಲದ್ದು' ಎಂದರು. ಸ್ವಲ್ಪ ಹೊತ್ತಿಗೆ ತಾಳ ಹಾಕುತ್ತಿದ್ದ, ಹಗಲು ಲೇತಿನ ಕೆಲಸ ಮಾಡುವ ಯುವಕನೊಬ್ಬ 'ಲೋಕದ ಕಾಳಜಿ'ಯನ್ನು ದೀಕ್ಷಿತರ ಧಾಟಿಯಲ್ಲಿ ಎತ್ತಿದ. ಹಿರಿಯರು ಒಂದು ನುಡಿ ಸುಮ್ಮನಿದ್ದು ಕೇಳಿದರು. ಎರಡನೆಯ ನುಡಿಗೆ ಹಿಮ್ಮೇಳ ಕೂಡಿತು. ಗಮನಿಸಬೇಕಾದದ್ದು ಮುಂದಿನದು: ತಬಲದವರು ಓಟವನ್ನು ತಗ್ಗಿಸಿದರು, ಹಾರ್ಮೋನಿಯಂ ನುಡಿಯ ಕೊನೆಯಲ್ಲಿ ನಿಲುಗಡೆ ಸೇರಿಸಿತು, ಅಂಕಿತ ಬಂದಾಗ ಮೇಳವೆಲ್ಲ ದನಿ ಎಳೆದು ನಿಲ್ಲಿಸಿತು. ಹತ್ತು ನಿಮಿಷದಲ್ಲಿ ಸ್ಟುಡಿಯೋದ ಧಾಟಿ ಸಾವಿನ ಮನೆಯ ಧಾಟಿಯಾಗಿತ್ತು. ವಾಲ್ಟರ್ ಆಂಗ್ 1982ರಲ್ಲಿ ವಿವರಿಸಿದ 'ಎರಡನೆಯ ಮೌಖಿಕತೆ', ಅಂದರೆ ಯಂತ್ರದ ಮೂಲಕ ಮರಳಿ ಬರುವ ಮೌಖಿಕತೆ, ನಮ್ಮ ಓಣಿಗಳಲ್ಲಿ ಮೊದಲನೆಯದರ ಪಕ್ಕದಲ್ಲೇ ಕುಳಿತು ತಾಳ ಹಾಕುತ್ತದೆ.

'ಕೋಡಗನ ಕೋಳಿ ನುಂಗಿತ್ತ' ಪದದ ವಿಷಯದಲ್ಲಿ ಇಷ್ಟು ಧೈರ್ಯದಿಂದ ಹೇಳಲಾರೆ. ಇದು ಬೆಡಗಿನ ಪದ. ಅಲ್ಲಮನ ಬೆಡಗಿನ ವಚನ, ಕನಕದಾಸರ ಮುಂಡಿಗೆಗಳ ಸಾಲಿಗೆ ಸೇರುವಂಥದು. ನುಂಗಿಸಿಕೊಳ್ಳಬೇಕಾದದ್ದು ನುಂಗುವ, ಸಣ್ಣದು ದೊಡ್ಡದನ್ನು ಒಳಗೊಳ್ಳುವ ವಿಪರ್ಯಯಗಳ ಸರಣಿ ಇದರಲ್ಲಿದೆ. ಮಕ್ಕಳು ಕೇಳಿದರೆ ನಗುತ್ತಾರೆ, ನಗಲೂ ಬೇಕು. ಆದರೆ ಸರಣಿ ಸುಮ್ಮನೆ ಉದ್ದವಾಗುವುದಿಲ್ಲ. ಅದು ಒಂದು ಕಡೆಗೆ ನಡೆಯುತ್ತದೆ. ಅಡುಗೆಮನೆಯ, ಹಟ್ಟಿಯ, ಹೊಲದ ವಸ್ತುಗಳಿಂದ ಹೊರಟ ನುಂಗುವಿಕೆ ಕೊನೆಯ ನುಡಿಯಲ್ಲಿ ಗುರುವಿನ ಪಾದಕ್ಕೆ ಬಂದು ತಲುಪುತ್ತದೆ. ಅಲ್ಲಿ ನುಂಗಲ್ಪಡುವವನು ಹಾಡುವವನೇ. ಅದುವರೆಗೆ ಹೊರಗೆ ನಿಂತು ತಮಾಷೆ ನೋಡುತ್ತಿದ್ದ 'ನಾನು' ಎಂಬುದು ಅಲ್ಲಿ ಇಲ್ಲವಾಗುತ್ತದೆ. ಪದದ ಭಾರವೆಲ್ಲ ಇರುವುದು ಆ ತಿರುವಿನಲ್ಲಿ.

ಮೇಳಗಳಲ್ಲಿ ಈ ತಿರುವನ್ನು ಕಾಣಿಸುವ ಉಪಾಯಗಳು ಹಲವು. ಕೆಲವರು ಕೊನೆಯ ನುಡಿಗೆ ತಾಳವನ್ನು ತಗ್ಗಿಸುತ್ತಾರೆ. ಕೆಲವರು ಹಾಡನ್ನು ಅಲ್ಲಿಗೇ ತಡೆದು ಅರ್ಥ ಬಿಡಿಸುತ್ತಾರೆ. ಕೋಡಗವೆಂದರೆ ಮನಸ್ಸು, ಕೋಳಿಯೆಂದರೆ ಅರಿವು ಎಂಬಂಥ ವ್ಯಾಖ್ಯಾನಗಳು ಮೇಳದಿಂದ ಮೇಳಕ್ಕೆ ಬೇರೆಯಾಗುತ್ತವೆ, ಅವುಗಳ ಮೇಲೆ ವಾದವೂ ನಡೆಯುತ್ತದೆ. ಹಾಡಿನಷ್ಟೇ ಈ ತಡೆಯೂ ಪದದ ಭಾಗ. ಹರದೇಶಿ ನಾಗೇಶಿಯ ಗೀಗೀ ಮೇಳಗಳಲ್ಲಿ ಸವಾಲು ಜವಾಬುಗಳಾಗಿ ಬೆಳೆದದ್ದರ ಬೀಜವೂ ಇಂಥ ಅರ್ಥಬಿಡಿಸುವಿಕೆಯಲ್ಲಿಯೇ ಇರಬಹುದೆಂದು ತೋರುತ್ತದೆ. ಒಗಟನ್ನು ಒಡ್ಡಿದಮೇಲೆ ಕಾಯಬೇಕು. ಕಾಯುವ ಹೊತ್ತಿನಲ್ಲಿ ಕೇಳುಗ ತಲೆ ಕೆರೆದುಕೊಳ್ಳುತ್ತಾನೆ. ಅವನ ಸಾಧನೆ ಅಲ್ಲಿಂದ ಶುರು.

ಆಲ್ಬಂನ ಸಂಯೋಜನೆಗೆ ಈ ಕಾಯುವಿಕೆ ಒಗ್ಗಿಲ್ಲ. ಡ್ರಮ್ಮು ಮತ್ತು ಬಾಸ್ ಗಿಟಾರುಗಳ ಹೊಡೆತ ಒಮ್ಮೆ ಹಿಡಿದ ಓಟವನ್ನು ಬಿಡಲೊಲ್ಲದು. ಸರಣಿಯ ಮೊದಲ ವಿಪರ್ಯಯಕ್ಕೂ ಕೊನೆಯದಕ್ಕೂ ಒಂದೇ ತೂಕ ಬಂದರೆ ಬೆಡಗು ಬರಿಯ ವಿನೋದವಾಗುತ್ತದೆ, ಪದ ಪಟ್ಟಿಯಾಗುತ್ತದೆ. ಕೇಳುಗನಿಗೆ ಉಳಿಯುವುದು ಪಲ್ಲವಿಯ ಹುರುಪು. ಇದನ್ನು ರಾಕ್ ಸಂಗೀತದ ಜಾತಿದೋಷವೆಂದು ನಾನು ಭಾವಿಸಿಲ್ಲ. ಡಚ್ಚರ ಆ ಸಿಂಫೋನಿಕ್ ಪಂಥದ ಬಲವೇ ಇಂಥಲ್ಲಿ ಇತ್ತು: ಹಾಡಿನ ನಡುವೆ ಲಯ ಬದಲಿಸುವುದು, ಆರ್ಗನ್ನಿನ ಒಂದು ಸ್ವರದ ಮೇಲೆ ನಿಲ್ಲುವುದು, ಕಥೆ ತಿರುಗಿದಾಗ ಸಂಗೀತವೂ ತಿರುಗುವುದು. ಆ ಪಂಥ ತನ್ನ ಆಡಂಬರದಿಂದ ಹಲವು ಸಲ ಬಳಲಿಸುತ್ತದೆ ಎಂಬುದು ಬೇರೆ ಮಾತು; ಆದರೆ ಒಂದು ಬೆಡಗಿನ ಪದಕ್ಕೆ ಅದರ ತಾಳ್ಮೆಯನ್ನಷ್ಟು ಎರವಲು ತರಬಹುದಿತ್ತು. ಸುಬ್ಬಣ್ಣನವರ ಗಾಯನದಲ್ಲಿ ವಾದ್ಯಗಳು ಕಡಿಮೆ, ಅವಸರವೂ ಕಡಿಮೆ. ಅಲ್ಲಿ ಶಬ್ದ ಶಬ್ದವೂ ನಿಂತು ಕೇಳಿಸುತ್ತದೆ. ಈ ಒಂದು ಹೋಲಿಕೆಯಲ್ಲಿ ಹಳೆಯದೇ ಮೇಲು.

ವಿಚಿತ್ರವೆಂದರೆ ಇದೇ ಗಾಯಕ ವೇದಿಕೆಯ ಮೇಲೆ ಆ ತಡೆಯನ್ನು ಬಲ್ಲರು. ಕನ್ನಡ ಬಾರದ ಸಭೆಯಲ್ಲಿ ಹಾಡುವ ಮುನ್ನ ಪದದ ಅರ್ಥವನ್ನು, ಕವಿಯ ಹೆಸರನ್ನು, ಕಾಲವನ್ನು ಅವರು ಮಾತಿನಲ್ಲಿ ಹೇಳುತ್ತಾರೆ. ಪರಭಾಷೆಯ ಅನಿವಾರ್ಯದಿಂದ ಬಂದ ಈ ಅಭ್ಯಾಸ ಅವರನ್ನು ತಿಳಿಯದೆಯೇ ಭಜನೆಯ ಮುಮ್ಮೇಳದವನ ಸ್ಥಾನಕ್ಕೆ ತಂದಿದೆ. ಮುದ್ರಿಕೆಯಲ್ಲಿ ಆ ಮಾತು ಕಳಚಿಹೋಗಿ ಹಾಡು ಮಾತ್ರ ಉಳಿಯುತ್ತದೆ. ಕನ್ನಡದ ಕೇಳುಗನಿಗೆ ಅರ್ಥ ಹೇಗೂ ಗೊತ್ತಿದೆ ಎಂಬ ಊಹೆ ಇದರ ಹಿಂದೆ ಇರಬಹುದು. ಆ ಊಹೆಯನ್ನು ಇಂದಿನ ಬೆಂಗಳೂರಿನಲ್ಲಿ ಮಾಡುವುದು ಕಷ್ಟ. ಆದ್ದರಿಂದ ಈ ತಂಡದ ಶರೀಫರನ್ನು ಅಭ್ಯಸಿಸುವವರು ಆಲ್ಬಂನ ಜೊತೆಗೆ ವೇದಿಕೆಯ ಪ್ರದರ್ಶನಗಳ ಚಿತ್ರೀಕರಣವನ್ನೂ ಆಕರವಾಗಿ ಇಟ್ಟುಕೊಳ್ಳಬೇಕಾಗುತ್ತದೆ. ಗ್ರಂಥಾಲಯಗಳು ಮುದ್ರಿಕೆಯನ್ನು ಮಾತ್ರ ಸಂಗ್ರಹಿಸಿದರೆ ಅರ್ಧ ಸಂಗತಿ ಕೈತಪ್ಪುತ್ತದೆ.

ಆಲ್ಬಂನ ಉಳಿದ ಹಾಡುಗಳು ಈ ಲೇಖನದ ವ್ಯಾಪ್ತಿಗೆ ಹೊರಗಿನವು. ಒಂದು ಮಾತು ಸಾಕು: ಹಿಂದಿ ಮತ್ತು ಕನ್ನಡ ಗೀತೆಗಳು ಒಂದರ ಪಕ್ಕದಲ್ಲಿ ಒಂದು ಬರುವುದರಿಂದ, ಶರೀಫರ ಪದ ಇಲ್ಲಿ ಪ್ರದೇಶದ ಗುರುತಿನ ಚೀಟಿಯಂತೆಯೂ ಕೆಲಸ ಮಾಡುತ್ತದೆ. ಮೇಳದಲ್ಲಿ ಶರೀಫರು ಯಾವ ಗುರುತನ್ನೂ ಸಾರುವುದಿಲ್ಲ. ಹಿಂದೂ ಗುರುವಿನ ಮುಸ್ಲಿಂ ಶಿಷ್ಯ ಎಂಬ ವಿವರ ಕೂಡ ಅಲ್ಲಿ ಹೆಚ್ಚು ಮಾತಿಗೆ ಬರುವುದಿಲ್ಲ. ಸಭಾಂಗಣದಲ್ಲಿ, ಚಿತ್ರದಲ್ಲಿ, ಉತ್ಸವದಲ್ಲಿ ಅದೇ ಮೊದಲ ಮಾತಾಗುತ್ತದೆ. ನಾಗಾಭರಣರ ಚಿತ್ರಕ್ಕೆ ರಾಷ್ಟ್ರೀಯ ಭಾವೈಕ್ಯದ ವಿಭಾಗದಲ್ಲಿ ರಾಷ್ಟ್ರಪ್ರಶಸ್ತಿ ಬಂದದ್ದನ್ನು ಇಲ್ಲಿ ನೆನೆಯಬಹುದು.

ಕೊನೆಗೊಂದು ವ್ಯಾವಹಾರಿಕ ಪ್ರಶ್ನೆ ಉಳಿಯುತ್ತದೆ. ಭಾರತದ ಹಕ್ಕುಸ್ವಾಮ್ಯ ಕಾಯಿದೆ (1957) ಕವಿಯ ಮರಣಾನಂತರ 60 ವರ್ಷಗಳವರೆಗೆ ಹಕ್ಕನ್ನು ಕಾಯುತ್ತದೆ. ಆ ಲೆಕ್ಕದಲ್ಲಿ ಶರೀಫರ ಸಾಹಿತ್ಯ ಎಲ್ಲರದು. ಧಾಟಿ ಮಾತ್ರ ಸಂಯೋಜಕನದು. ಮುದ್ರಿಕೆಯಲ್ಲಿ ಶರೀಫರ ಹೆಸರಿಗೆ ಸಾಹಿತ್ಯವೂ ಗಾಯಕರ ಹೆಸರಿಗೆ ಸಂಗೀತವೂ ಸಲ್ಲುತ್ತವೆ. ನಡುವಿನ ನೂರು ವರ್ಷಕ್ಕೂ ಮೀರಿದ ಕಾಲದಲ್ಲಿ ಈ ಪದಗಳನ್ನು ಬಾಯಲ್ಲಿಟ್ಟು ಕಾಪಾಡಿದ ಮೇಳಗಳಿಗೆ ಯಾವ ಅಂಕಣದಲ್ಲಿಯೂ ಜಾಗವಿಲ್ಲ. ಅಶ್ವಥ್ ಕಾಲದ ಕ್ಯಾಸೆಟ್ಟುಗಳಿಗೂ ಇದೇ ಮಾತು ಅನ್ವಯಿಸುತ್ತದೆ. ರಾಕ್ ತಂಡವನ್ನು ಮಾತ್ರ ದೂರುವುದು ನ್ಯಾಯವಲ್ಲ. ಯಾವ ಮೇಳ, ಯಾವ ಊರು, ಯಾವ ಧಾಟಿ ಎಂಬ ಮೂರು ವಿವರಗಳನ್ನು ತತ್ತ್ವಪದದ ಪ್ರತಿ ಮುದ್ರಣದೊಡನೆ ದಾಖಲಿಸುವ ಕ್ರಮವನ್ನು ಅಕಾಡೆಮಿಯೇ ಮೊದಲು ತನ್ನ ಸಂಗ್ರಹದಿಂದ ಆರಂಭಿಸಬಹುದು. ಕಾಮಾಕ್ಷಿಪಾಳ್ಯದ ಆ ಮೇಳದವರ ಪದದ ಪುಸ್ತಕದಲ್ಲಿ ಈಗ 'ಲೋಕದ ಕಾಳಜಿ'ಯ ಎದುರಿಗೆ ಬಾಲ್‌ಪೆನ್ನಿನಲ್ಲಿ 'ಹೊಸ ಧಾಟಿ' ಎಂದು ಬರೆದಿದೆ.